ಮೈಸೂರರಸರಲ್ಲಿ ಯಾರು ಯಾವ ಹೆಸರಿನವರು? ಗುರುತು ಹಿಡಿಯುವ ಬಗೆ

ನೆಂಟರಿಗೆ ಮೈಸೂರು ತೋರಿಸುವಾಗ ನನಗೆ ತಪ್ಪದ ಪ್ರಶ್ನೆ: "ಇವರು ಯಾವ ಕೃಷ್ಣರಾಜ?" ಒಡೆಯರ ಮನೆತನದಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ. ಮೊದಲು ಇಸವಿ ನೋಡಿ. 1799ರಲ್ಲಿ ಮಗುವಾಗಿಯೇ ಪಟ್ಟಕ್ಕೆ ಬಂದು 1868ರಲ್ಲಿ ತೀರಿಕೊಂಡವರು ಮುಮ್ಮಡಿ. 1895ರಿಂದ 1940ರ ನಡುವಿನದಾದರೆ ನಾಲ್ವಡಿ. ಕನ್ನಂಬಾಡಿ ಕಟ್ಟೆ ಅವರ ಕಾಲದ್ದು. ಮಾತಿನಲ್ಲಿ ಉದ್ದ ಹೆಸರಿನ ಗೋಜು ಬೇಡ, 'ನಾಲ್ವಡಿಯವರು' ಎಂದರೆ ಸಾಕು.

ರಾಣಿಯರ ವಿಷಯದಲ್ಲೇ ಜನ ಎಡವುವುದು. ನಾಲ್ವಡಿಯವರ ತಾಯಿಯ ಹೆಸರು ಕೆಂಪನಂಜಮ್ಮಣ್ಣಿ, ಬಿರುದು ವಾಣಿವಿಲಾಸ ಸನ್ನಿಧಾನ. ಮಗ ಪ್ರಾಯಕ್ಕೆ ಬರುವವರೆಗೆ, ಅಂದರೆ 1902ರ ತನಕ, ರಾಜ್ಯಭಾರ ನೋಡಿಕೊಂಡವರು ಇವರೇ. ಆದರೆ ಮಾರಿಕಣಿವೆಯ ಅಣೆಕಟ್ಟಾಗಲಿ ಬೆಂಗಳೂರಿನ ಹೆರಿಗೆ ಆಸ್ಪತ್ರೆಯಾಗಲಿ, ಹೊತ್ತಿರುವುದು ಬಿರುದನ್ನು. 'ಕೆಂಪನಂಜಮ್ಮಣ್ಣಿ' ಎಂಬ ಫಲಕ ಹುಡುಕಿಕೊಂಡು ಹೋದರೆ ಸುಮ್ಮನೆ ಕಾಲುನೋವು. (ಆ ಹೆಸರೇ ಬಿರುದಿಗಿಂತ ಚೆಂದ, ನನ್ನ ಕೇಳಿದರೆ.) ಇನ್ನು ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗೆ ಕಟ್ಟಿಸಿದ ಬಂಗಲೆಯನ್ನು ಚೆಲುವಾಂಬ ಮ್ಯಾನ್ಷನ್ ಎಂದು ಕೇಳಿ, ಅಲ್ಲೀಗ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ.

ದತ್ತು ಬಂದವರಿಗೆ ಹಳೆಯ, ಹೊಸ ಎರಡೂ ಹೆಸರು ಬರೆದಿಟ್ಟುಕೊಳ್ಳಿ. ಯದುವೀರ ಗೋಪಾಲರಾಜ ಅರಸ್ 2015ರಲ್ಲಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಆದರು. ಹಳೆ ಪತ್ರಿಕೆ ತಿರುವುವಾಗ ಇಬ್ಬರೆಂದು ಭ್ರಮಿಸಬೇಡಿ.