ಅಭಿಜಿತ್ ಪಕ್ಕದ ಹೊಗೆಯುಂಗುರ: ಟೆರೇಸಿನಿಂದಲೇ ಹಿಡಿಯುವುದು ಹೇಗೆ?

ಊರ ಬೆಳಕಿನಲ್ಲಿ ಆರಿಂಚಿನ ದೂರದರ್ಶಕದಿಂದ ಎಂ57 (ರಿಂಗ್ ನೆಬ್ಯುಲಾ, ಅಂದರೆ ಉಂಗುರ ನೀಹಾರಿಕೆ) ನೋಡಿದವರಿಗೆ ಗೊತ್ತು, ಕಾಣುವುದು ಬೂದು ಬಣ್ಣದ ಪುಟ್ಟ ಹೊಗೆಯುಂಗುರ, ಅಷ್ಟೇ. ಕಣ್ಣಿಟ್ಟು ನೋಡುವ ಮಸೂರ, ಅಂದರೆ ಐಪೀಸ್, ತೆಗೆದು ಅಲ್ಲಿ ಪುಟ್ಟ ಬಣ್ಣದ ಕ್ಯಾಮೆರಾ ಕೂರಿಸಿ ನೋಡಿ. ಎರಡು ನಿಮಿಷದಲ್ಲಿ ಲ್ಯಾಪ್‌ಟಾಪ್ ಪರದೆಯ ಮೇಲೆ ಒಳಗೆ ನೀಲಿ-ಹಸಿರು, ಅಂಚಿಗೆ ಕೆಂಪು ಮೂಡುತ್ತದೆ.

ಇದು 'ಗ್ರಹೀಯ ನೀಹಾರಿಕೆ'. ಗ್ರಹಕ್ಕೂ ಇದಕ್ಕೂ ಸಂಬಂಧವೇನೂ ಇಲ್ಲ. ಸೂರ್ಯನಂಥ ನಕ್ಷತ್ರ ಮುಪ್ಪಿನಲ್ಲಿ ಕಳಚಿಕೊಂಡ ಅನಿಲದ ಚಿಪ್ಪು. ದುಂಡಗೆ ಗ್ರಹದ ಹಾಗೆ ಕಂಡಿತೆಂದು 1780ರ ದಶಕದಲ್ಲಿ ವಿಲಿಯಂ ಹರ್ಷಲ್ ಇಟ್ಟ ಹೆಸರು ಹಾಗೇ ಉಳಿದುಬಿಟ್ಟಿದೆ.

ನಮ್ಮಲ್ಲಿ ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್-ನವೆಂಬರ್‌ನಲ್ಲಿ ಸಂಜೆ ಏಳರ ಹೊತ್ತಿಗೆ ಶುರು ಮಾಡಿ. ವಾಯವ್ಯದಲ್ಲಿ ಜೋರಾಗಿ ಹೊಳೆಯುವುದೇ ಅಭಿಜಿತ್, ಅಂದರೆ ವೇಗಾ. ದೂರದರ್ಶಕವನ್ನು ಹೊತ್ತು, ಗುರಿಯನ್ನು ತಾನೇ ಹುಡುಕಿ ಹಿಂಬಾಲಿಸುವ ಮೋಟಾರು ಪೀಠ, ಅಂದರೆ ಗೋಟು ಮೌಂಟ್, ಬೇಕು. ನಾಭಿದೂರ 750 ಮಿ.ಮೀ., ಪಿಕ್ಸೆಲ್ 2.9 ಮೈಕ್ರಾನ್ ಇದ್ದರೆ ಉಂಗುರದ ಉದ್ದ ಸುಮಾರು 100 ಪಿಕ್ಸೆಲ್ ಬರುತ್ತದೆ. ಶುರುವಿಗೆ ಸಾಕು.

ಮೊದಲು ಫೋಕಸ್. ಇಲ್ಲಿ ನಾನೂ ಮೋಸ ಹೋಗಿದ್ದೇನೆ. ಮೊದಲ ರಾತ್ರಿ ಪರದೆಯಲ್ಲಿ ಚೆಂದದ ಉಂಗುರ ಕಂಡು ಕುಣಿದಾಡಿದೆ. ಆಮೇಲೆ ನೋಡಿದರೆ ಪಕ್ಕದಲ್ಲೂ ಉಂಗುರ, ಅದರಾಚೆಗೂ ಉಂಗುರ! ಕನ್ನಡಿಗಳಿಂದ ಬೆಳಕು ಹಿಡಿಯುವ ನ್ಯೂಟೋನಿಯನ್ ದೂರದರ್ಶಕದಲ್ಲಿ ಫೋಕಸ್ ತಪ್ಪಿದ ಪ್ರತಿ ನಕ್ಷತ್ರವೂ ಉದ್ದಿನವಡೆಯೇ. ನಡುವಿನ ತೂತು ಒಳಗಿರುವ ಚಿಕ್ಕ ಕನ್ನಡಿಯ ನೆರಳು. ಅದಕ್ಕೇ ಅಭಿಜಿತ್‌ಗೆ ತಿರುಗಿಸಿ, ಕೊಳವೆಯ ಬಾಯಿಗೆ ಬಾಹ್ತಿನೋವ್ ಮಾಸ್ಕ್ (ಫೋಕಸ್ ಹೊಂದಿಸಲೆಂದೇ ಇರುವ ಸಾಲು ಸೀಳುಗಳ ಮುಚ್ಚಳ) ಮುಚ್ಚಿ. ಮೂರು ಬೆಳಕಿನ ಗೆರೆ ಕಾಣುತ್ತವೆ. ನಡುವಿನ ಗೆರೆ ಉಳಿದೆರಡು ಕೂಡುವ ಜಾಗದಲ್ಲೇ ಹಾಯುವವರೆಗೆ ಫೋಕಸ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಿ. ಮಾಸ್ಕ್ ತೆಗೆಯಲು ಮರೆಯಬೇಡಿ, ಎಲ್ಲರೂ ಮರೆಯುತ್ತಾರೆ.

ಈಗ ಎಂ57ಗೆ ಹೋಗಿ. ಅಭಿಜಿತ್ ಹತ್ತಿರದ ಶೆಲಿಯಾಕ್ ಮತ್ತು ಸುಲಾಫತ್ ನಕ್ಷತ್ರಗಳ ನಡುವೆ, ಶೆಲಿಯಾಕ್ ಕಡೆಗೆ ತುಸು ವಾಲಿಕೊಂಡಿದೆ. ಒಂದೊಂದು ಚಿತ್ರಕ್ಕೆ ಬೆಳಕು ಹಿಡಿಯುವ ಹೊತ್ತು, ಅಂದರೆ ಎಕ್ಸ್‌ಪೋಷರ್, 8-10 ಸೆಕೆಂಡ್ ಸಾಕು. ಜಾಸ್ತಿ ಇಟ್ಟರೆ ಸಾಧಾರಣ ಮೌಂಟ್‌ನಲ್ಲಿ ನಕ್ಷತ್ರಗಳು ಎಳೆದುಕೊಳ್ಳುತ್ತವೆ. ಶಾರ್ಪ್‌ಕ್ಯಾಪ್‌ನಂಥ ತಂತ್ರಾಂಶದಲ್ಲಿ ಲೈವ್ ಸ್ಟ್ಯಾಕಿಂಗ್ ಒತ್ತಿ. ಅದು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಪೇರಿಸುತ್ತದೆ. ನಾಲ್ಕು ಪಟ್ಟು ಚಿತ್ರ ಸೇರಿದರೆ ಚಿತ್ರದ ಗರಗರ (ಕಾಳುಕಾಳಾಗಿ ಕಾಣುವ ನಾಯ್ಸ್) ಅರ್ಧಕ್ಕೆ ಇಳಿಯುತ್ತದೆ.

ಊರ ಬೆಳಕು ಕಾಡಿದರೆ ಡ್ಯುಯಲ್-ಬ್ಯಾಂಡ್ ಫಿಲ್ಟರ್ ಹಾಕಿ. ನೀಹಾರಿಕೆ ಹೊಳೆಯುವುದೇ ಕೆಲವು ಬಣ್ಣಗಳಲ್ಲಿ, ಅದರಲ್ಲೂ ಆಮ್ಲಜನಕದ 500.7 ನ್ಯಾನೋಮೀಟರ್ ಹಸಿರಿನಲ್ಲಿ. ಫಿಲ್ಟರ್ ಅವನ್ನು ಬಿಟ್ಟು ಉಳಿದದ್ದನ್ನು ತಡೆಯುತ್ತದೆ.

ಆಮೇಲೆ ಫಿಲ್ಟರ್ ತೆಗೆದು, ಗಾಳಿ ನಿಂತ ಹೊತ್ತು ನೋಡಿ ಇನ್ನೊಂದು ಹತ್ತು ನಿಮಿಷ ಪೇರಿಸಿ. ಚಿತ್ರದ ಹೊಳಪು ತಗ್ಗಿಸಿ ಉಂಗುರದ ನಡುವನ್ನು ಹಿಗ್ಗಿಸಿ. ದೊಡ್ಡ ದೂರದರ್ಶಕದಲ್ಲೂ ಕಣ್ಣಿಗೆ ಸುಲಭಕ್ಕೆ ಸಿಗದ ಒಂದು ಮಂಕು ಚುಕ್ಕಿ ಅಲ್ಲಿರುತ್ತದೆ. ಈ ಚಿಪ್ಪು ಕಳಚಿದ ನಕ್ಷತ್ರ ಅದೇ.