ಅಸಿಸ್ಟೆಂಟ್ ಅಂದಿದ್ದಕ್ಕೆ ಸಿಟ್ಟು ಬಂದಿತ್ತು

ನಮ್ಮನೆಯವರ ಬಲಗಾಲಿನ ಮಂಡಿ ಆಪರೇಷನ್ ಆಯಿತು. ಸವೆದ ಕೀಲು ತೆಗೆದು ಹೊಸದು ಕೂರಿಸುತ್ತಾರಲ್ಲ, ಅದೇ. ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಎರಡು ವಾರ ಥೆರಪಿಯವರು ಮನೆಗೇ ಬಂದರು, ಆಮೇಲೆ ಕ್ಲಿನಿಕ್ಕಿಗೆ ಹೋಗಬೇಕಾಯಿತು. ಮೊದಲ ದಿನ ಫಿಸಿಕಲ್ ಥೆರಪಿಸ್ಟ್ ನೋಡಿದರು. ಎರಡನೇ ದಿನ ಬೇರೆ ಯಾರೋ. ಬ್ಯಾಡ್ಜಿನಲ್ಲಿ 'ಪಿಟಿಎ' ಅಂತಿತ್ತು. ಅಂದರೆ ಥೆರಪಿಸ್ಟ್ ಅಸಿಸ್ಟೆಂಟ್. ಫೀಸು ಡಾಕ್ಟರಿಗೆ, ಇಂಜೆಕ್ಷನ್ ಕಾಂಪೌಂಡರ್ ಕೈಲಿ ಅನ್ನೋ ಹಾಗಾಯ್ತಲ್ಲ ಅಂತ ಸಿಟ್ಟು ಬಂತು.

ವಿಚಾರಿಸಿದಾಗ ನನ್ನ ತಪ್ಪು ಗೊತ್ತಾಯಿತು. ಪಿಟಿಎ ಆಗಲು ಎರಡು ವರ್ಷದ ಕಾಲೇಜು ಓದಬೇಕು, ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಬೇಕು, ರಾಜ್ಯದ ಲೈಸೆನ್ಸ್ ಬೇಕು. ಪರೀಕ್ಷಿಸಿ ಯಾವ ಚಿಕಿತ್ಸೆ ಅಂತ ತೀರ್ಮಾನಿಸುವುದು ಥೆರಪಿಸ್ಟ್. ಅದರಂತೆ ವ್ಯಾಯಾಮ ಮಾಡಿಸುವುದು, ನಡೆಸುವುದು, ಅಳೆದು ಬರೆದಿಡುವುದು ಅಸಿಸ್ಟೆಂಟ್. ಐಸ್ ಪ್ಯಾಕ್ ತರುವ, ಮಂಚ ಒರೆಸುವ 'ಏಡ್' ಬೇರೆ. ಅವರಿಗೆ ಲೈಸೆನ್ಸ್ ಇಲ್ಲ. ನಾನು ಇಬ್ಬರನ್ನೂ ಒಂದೇ ಅಂದುಕೊಂಡಿದ್ದೆ!

ಆದರೂ ಆ ಕ್ಲಿನಿಕ್ ಬಿಟ್ಟೆವು. ಅಲ್ಲಿ ದಿನಕ್ಕೊಬ್ಬರು ಬರುತ್ತಿದ್ದರು. 'ನಿನ್ನೆ ಏನು ಮಾಡಿಸಿದ್ರು?' ಅಂತ ನಮ್ಮನ್ನೇ ಕೇಳುತ್ತಿದ್ದರು.

ಅಸಿಸ್ಟೆಂಟ್ ಸ್ವಂತವಾಗಿ ಚಿಕಿತ್ಸೆ ಕೊಡುವ ಹಾಗಿಲ್ಲ. ಹಾಗಾಗಿ ಅವರನ್ನಷ್ಟೇ ಹುಡುಕಿ ಪ್ರಯೋಜನವಿಲ್ಲ, ಕ್ಲಿನಿಕ್ ಹುಡುಕಬೇಕು. ಹತ್ತಿರದ ಮೂರು ಕಡೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದೆ. ಪ್ರತಿ ಸಲ ಅದೇ ವ್ಯಕ್ತಿ ಇರ್ತಾರಾ? ಥೆರಪಿಸ್ಟ್ ಮತ್ತೆ ಯಾವಾಗ ನೋಡ್ತಾರೆ? ಒಬ್ಬರು ಗದರಿದರು. ಒಬ್ಬರು 'ನೋಡೋಣ' ಅಂದರು. ಮೂರನೆಯವರು ಅಸಿಸ್ಟೆಂಟ್ ಹೆಸರನ್ನೇ ಹೇಳಿದರು. ಕನಿಷ್ಠ ಹತ್ತು ಭೇಟಿಗೊಮ್ಮೆ ಥೆರಪಿಸ್ಟೇ ನೋಡಿ ವರದಿ ಬರೆಯಬೇಕು, ಮೆಡಿಕೇರ್ (ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ನಿಯಮ ಅದು ಅಂತಲೂ ಹೇಳಿದರು. ಆ ಹೆಸರನ್ನು ರಾಜ್ಯದ ಗ್ರಾಹಕ ವ್ಯವಹಾರ ವಿಭಾಗದ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ. ಲೈಸೆನ್ಸ್ ಸರಿಯಿತ್ತು. ಅಲ್ಲಿಗೇ ಸೇರಿದೆವು.

ಆ ಅಸಿಸ್ಟೆಂಟ್ ಹತ್ತಿರ ಒಂದು ಗೋನಿಯೋಮೀಟರ್. ನಮ್ಮ ಶಾಲೆಯ ಕೋನಮಾಪಕಕ್ಕೆ ಎರಡು ಉದ್ದ ಕೈ ಅಂಟಿಸಿದ ಹಾಗಿರುತ್ತೆ. ಮಂಡಿ ಪಕ್ಕ ಹಿಡಿದು, ಒಂದು ಕೈ ತೊಡೆಗುಂಟ, ಇನ್ನೊಂದು ಕಾಲ್ಗುಂಟ ಇಟ್ಟು ಓದುತ್ತಿದ್ದರು. ಮೊದಲ ಸಲ ಮಂಡಿ ಮಡಚಿದ್ದು 84 ಡಿಗ್ರಿ. ಇವರು ಹಲ್ಲು ಕಚ್ಚಿಕೊಂಡಿದ್ದರು. ನಾನು ಗೋಡೆ ನೋಡುತ್ತಿದ್ದೆ.

ಒಂದು ದಿನ ಮೀನಖಂಡ ಊದಿತ್ತು, ಮುಟ್ಟಿದರೆ ಬಿಸಿ. ನಿನ್ನೆ ಜಾಸ್ತಿ ನಡೆದೆ, ಅಷ್ಟೇ ಅಂದರು ಇವರು. ಆಕೆ ವ್ಯಾಯಾಮ ಅಲ್ಲಿಗೇ ನಿಲ್ಲಿಸಿ ಥೆರಪಿಸ್ಟನ್ನು ಕರೆದರು. ಅವರು ಸರ್ಜನ್‌ಗೆ ಫೋನ್ ಮಾಡಿದರು. ರಕ್ತ ಹೆಪ್ಪುಗಟ್ಟಿದೆಯಾ ಅಂತ ಅವತ್ತೇ ಸ್ಕ್ಯಾನ್ ಆಯಿತು. ಪುಣ್ಯಕ್ಕೆ ಏನೂ ಇರಲಿಲ್ಲ.

ಗಣೇಶನ ಹಬ್ಬ ಹತ್ತಿರ ಬಂದಾಗ ಇವರದು ಒಂದೇ ಹಟ, ಮಣೆ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೇ ಪೂಜೆ ಮಾಡಬೇಕು ಅಂತ. ಆಕೆಗೆ ಮಣೆಯ ಫೋಟೋ ತೋರಿಸಿದೆ. 'ಇದು ನಾನು ಹೇಳುವ ವಿಷಯ ಅಲ್ಲ' ಅಂತ ಬರೆದುಕೊಂಡರು. ಮುಂದಿನ ಭೇಟಿಗೆ ಥೆರಪಿಸ್ಟೇ ಬಂದು ನೋಡಿ, ಈಗ ಬೇಡ ಅಂದರು. ಬದಲಿಗೆ ಕುರ್ಚಿ ಹಿಡಿದು ನೆಲಕ್ಕೆ ಇಳಿದು ಏಳುವ ಅಭ್ಯಾಸ ಸೇರಿಸಿದರು.

ಆ ವರ್ಷ ಇವರು ಸ್ಟೂಲ್ ಮೇಲೆ ಕೂತು, ಗೊಣಗುತ್ತಲೇ ಪೂಜೆ ಮುಗಿಸಿದರು.