ಟೇಕಾಫ್‌ಗೆ ಮುಂಚೆ ನಿಮ್ಮನ್ನೇ ನೀವು ಚೆಕ್ ಮಾಡ್ಕೊಳ್ಳೋದು ಹೇಗೆ

ಹಾರೋಕೆ ಮುಂಚೆ ವಿಮಾನದ ಸುತ್ತ ಒಂದು ರೌಂಡ್ ಹೊಡೆದು ಟೈರ್ ನೋಡ್ತೀವಿ, ಆಯಿಲ್ ನೋಡ್ತೀವಿ, ಟ್ಯಾಂಕಿಂದ ಸ್ವಲ್ಪ ಫ್ಯೂಯಲ್ ತೆಗೆದು ನೀರು ಸೇರಿದ್ಯಾ ಅಂತ ಬೆಳಕಿಗೆ ಹಿಡಿದು ನೋಡ್ತೀವಿ. ಆದ್ರೆ ಇದನ್ನೆಲ್ಲ ನೋಡ್ತಿರೋ ಮನುಷ್ಯ ರಾತ್ರಿ ಎಷ್ಟೊತ್ತು ಮಲಗಿದ್ದ, ಮೂಗು ಕಟ್ಟಿದ್ಯಾ, ಯಾರ ಜೊತೆ ಜಗಳ ಆಡ್ಕೊಂಡು ಬಂದಿದಾನೆ ಅಂತ ನೋಡೋರು ಯಾರೂ ಇರಲ್ಲ, ಅದನ್ನ ಅವನೇ ನೋಡ್ಕೋಬೇಕು.

ಎಂಜಿನ್ ಬಿಸಿ ಆದ್ರೆ ಗೇಜ್ ತೋರಿಸತ್ತೆ. ಮೆದುಳು ಮಂಕಾದ್ರೆ ತೋರಿಸೋ ಗೇಜ್ ಯಾವ ಪ್ಯಾನೆಲ್‌ನಲ್ಲೂ ಇಲ್ಲ, ಮಂಕಾಗಿದ್ಯಾ ಇಲ್ವಾ ಅಂತ ಹೇಳ್ಬೇಕಾಗಿರೋದೂ ಅದೇ ಮಂಕಾದ ಮೆದುಳು. ಅದಕ್ಕೇ ಬುದ್ಧಿ ಚುರುಕಾಗಿರೋವಾಗ್ಲೇ, ಕಾಲು ನೆಲದ ಮೇಲಿರೋವಾಗ್ಲೇ ಕೆಲವು ವಿಷಯ ತೀರ್ಮಾನ ಮಾಡಿ ಇಟ್ಕೊಂಡಿರ್ಬೇಕು. ಈಗ ಕಲೀತಿರೋರಿಗೆ ಅಂತ ಬರೀತಿದೀನಿ.

ಮನೆ ಬಿಡೋ ಮುಂಚೆ

ಐಮ್‌ಸೇಫ್ ಅನ್ನೋ ಚೆಕ್‌ಲಿಸ್ಟ್ ನಿಮಗೆ ಕ್ಲಾಸಲ್ಲಿ ಹೇಳ್ಕೊಟ್ಟಿರ್ತಾರೆ: ಕಾಯಿಲೆ, ಔಷಧಿ, ಸ್ಟ್ರೆಸ್, ಆಲ್ಕೋಹಾಲ್, ಸುಸ್ತು, ಊಟ. ಎಕ್ಸಾಮ್‌ಗೆ ಬಾಯಿಪಾಠ ಮಾಡಿ ಮರೆತುಬಿಡ್ತಾರೆ. ನನ್ನ ಸಲಹೆ ಏನಂದ್ರೆ ಮನಸ್ಸಲ್ಲೇ ಟಿಕ್ ಹಾಕ್ಬೇಡಿ, ಒಂದು ಚೀಟಿ ಮೇಲೆ ಉತ್ತರ ಬರೀರಿ. "ನಿದ್ದೆ ಓಕೆ" ಅಂತಲ್ಲ, "ನಿದ್ದೆ 5 ಗಂಟೆ, ಎದ್ದಿದ್ದು 4:30ಕ್ಕೆ" ಅಂತ. ನಂಬರ್ ಬರೆದಾಗ ನಮಗೆ ನಾವೇ ಸುಳ್ಳು ಹೇಳ್ಕೊಳ್ಳೋದು ಕಷ್ಟ ಆಗತ್ತೆ.

ನೆಗಡಿ ಬಗ್ಗೆ ಎಲ್ಲರೂ ಉದಾಸೀನ ಮಾಡ್ತಾರೆ. ಕಿವಿಯ ಒಳಭಾಗದಿಂದ ಗಂಟಲಿಗೆ ಒಂದು ಸಣ್ಣ ನಳಿಕೆ ಇದೆ, ಯುಸ್ಟೇಷಿಯನ್ ಟ್ಯೂಬ್. ಮೇಲೆ ಹೋಗ್ವಾಗ ಒಳಗಿನ ಗಾಳಿ ಹಿಗ್ಗಿ ಅದರ ಮೂಲಕ ಸಲೀಸಾಗಿ ಹೊರಗೆ ಬಂದ್ಬಿಡತ್ತೆ, ನಿಮಗೆ ಏನೂ ತೊಂದ್ರೆ ಗೊತ್ತಾಗಲ್ಲ, ಇಳಿಯುವಾಗ ಗಾಳಿ ವಾಪಸ್ ಒಳಗೆ ಹೋಗ್ಬೇಕು, ನೆಗಡಿಯಿಂದ ಊದಿಕೊಂಡಿರೋ ಟ್ಯೂಬ್ ಬಿಡಲ್ಲ. ಲ್ಯಾಂಡಿಂಗ್‌ಗೆ ಪೂರ್ತಿ ಗಮನ ಬೇಕಾಗಿರೋ ಹೊತ್ತಲ್ಲೇ ಕಿವಿಗೆ ಮೊಳೆ ಹೊಡೆದಂಗೆ ನೋವು ಶುರು ಆಗತ್ತೆ. ಹಾಗಾದ್ರೆ ಇಳಿಯೋದು ನಿಲ್ಸಿ, ಸ್ವಲ್ಪ ಮೇಲೆ ಹೋಗಿ, ಮೂಗು ಬಾಯಿ ಮುಚ್ಚಿ ಮೆಲ್ಲಗೆ ಊದಿ, ಆಮೇಲೆ ನಿಧಾನಕ್ಕೆ ಇಳೀರಿ. ಜೋರಾಗಿ ಊದ್ಬೇಡಿ.

ನೆಗಡಿಗೆ ಅಂತ ಮೆಡಿಕಲ್ ಶಾಪಲ್ಲಿ ಕೇಳಿ ತಗೊಳ್ಳೋ ಮಾತ್ರೆ ಇನ್ನೊಂದು ಸಮಸ್ಯೆ. ಕೆಲವು ಮಾತ್ರೆಗಳಲ್ಲಿ ಡೈಫೆನ್‌ಹೈಡ್ರಮೀನ್ ಇರತ್ತೆ, ನಿದ್ದೆ ಬರಿಸತ್ತೆ. ಇದನ್ನ ತಗೊಂಡ್ರೆ ಕೊನೇ ಡೋಸ್ ಆದ್ಮೇಲೆ 60 ಗಂಟೆ ಹಾರ್ಬೇಡಿ ಅಂತ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಹೇಳತ್ತೆ. ಆಲ್ಕೋಹಾಲ್‌ಗೆ ಅವರ ರೂಲ್ ಕಡೇ ಪಕ್ಷ 8 ಗಂಟೆ, ರಕ್ತದಲ್ಲಿ 0.04 ಶೇಕಡಾಗಿಂತ ಕಮ್ಮಿ. ಎಷ್ಟೋ ಕಡೆ ಇದಕ್ಕಿಂತ ಬಿಗಿ ಇದೆ, ನಿಮ್ಮಲ್ಲಿ ಏನಿದೆಯೋ ಅದನ್ನ ನೋಡ್ಕೊಳ್ಳಿ, ಹ್ಯಾಂಗೋವರ್ ಇದ್ರೆ ಗಂಟೆ ಎಣಿಸೋದೂ ಬೇಡ, ಆವತ್ತು ಹಾರ್ಬೇಡಿ ಅಷ್ಟೇ.

ಸುಸ್ತು ಮಾತ್ರ ಸ್ವಲ್ಪ ನಿಧಾನಕ್ಕೆ ಓದಿ. 1997ರ ಒಂದು ಆಸ್ಟ್ರೇಲಿಯನ್ ಸ್ಟಡೀಲಿ, 17 ಗಂಟೆ ಎಚ್ಚರ ಇದ್ದವರ ಕೈ ಕಣ್ಣು ಕೆಲಸ ಮಾಡೋ ರೀತಿ ರಕ್ತದಲ್ಲಿ 0.05 ಶೇಕಡಾ ಆಲ್ಕೋಹಾಲ್ ಇದ್ದವರ ಮಟ್ಟಕ್ಕೆ ಇಳಿದಿತ್ತು. ಬೆಳಗ್ಗೆ 5ಕ್ಕೆ ಎದ್ದು, ದಿನವಿಡೀ ಕೆಲಸ ಮಾಡಿ, ರಾತ್ರಿ 10ಕ್ಕೆ ಲ್ಯಾಂಡ್ ಮಾಡಿದ್ರೆ 17 ಗಂಟೆ ಆಗೋಯ್ತು. ಕುಡಿದವನಿಗೆ ವಾಸನೆ ಇರತ್ತೆ, ಯಾರಾದ್ರೂ ತಡೀತಾರೆ, ನಿದ್ದೆಗೆಟ್ಟವನನ್ನ ತಡೆಯೋರು ಯಾರು? ಅದರ ಮೇಲೆ ಬೆಳಗಿನ ಜಾವ 2ರಿಂದ 6ರವರೆಗೆ ದೇಹದ ಗಡಿಯಾರವೇ ಕೆಳಗೆ ಎಳೀತಿರತ್ತೆ, ಆ ಹೊತ್ತಲ್ಲಿ ಕಾಫಿ ಮೇಲೆ ಭಾರ ಹಾಕಿ ಕೂರ್ಬೇಡಿ.

ಇನ್ನೊಬ್ಬ ಪೈಲಟ್ ಎಚ್ಚರ ಇದ್ದು, ಕಂಪನಿ ರೂಲ್ ಒಪ್ಪೋದಾದ್ರೆ, ಚಿಕ್ಕ ನಿದ್ದೆ ನಿಜವಾಗ್ಲೂ ಕೆಲಸ ಮಾಡತ್ತೆ. ನಾಸಾದವರು ಲಾಂಗ್ ಫ್ಲೈಟ್ ಪೈಲಟ್‌ಗಳಿಗೆ 40 ನಿಮಿಷ ಬಿಡುವು ಕೊಟ್ಟು ನೋಡಿದ್ರು, ಸರಾಸರಿ 26 ನಿಮಿಷ ನಿದ್ದೆ ಮಾಡಿದ್ರು, ಆಮೇಲೆ ಅವರ ಎಚ್ಚರ ಚೆನ್ನಾಗಿತ್ತು. ಉದ್ದ ನಿದ್ದೆ ಆದ್ರೆ ಕಥೆ ಬೇರೆ. ಗಾಢ ನಿದ್ದೆಯಿಂದ ಎದ್ದವನಿಗೆ ಸುಮಾರು ಹೊತ್ತು ತಲೆ ತಿಳಿಯಾಗಲ್ಲ, ಇದನ್ನ ಸ್ಲೀಪ್ ಇನರ್ಷಿಯಾ ಅಂತಾರೆ. 2010ರ ಮೇ 22ರಂದು ಮಂಗಳೂರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ರನ್‌ವೇ ದಾಟಿ ಹೋಗಿ 158 ಜನ ಸತ್ರು. ಹಾರಾಟದ ಬಹಳ ಹೊತ್ತು ಕ್ಯಾಪ್ಟನ್ ನಿದ್ದೆ ಮಾಡಿದ್ದು ಕಾಕ್‌ಪಿಟ್ ರೆಕಾರ್ಡಿಂಗಲ್ಲಿ ಗೊರಕೆ ಸಮೇತ ಸಿಕ್ತು. ಇಳಿಯೋಕೆ ಬಂದಾಗ ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು, ಅವರು ಅಪ್ರೋಚ್ ಬಿಡಲಿಲ್ಲ. ಫಸ್ಟ್ ಆಫೀಸರ್ ಮೂರು ಸಲ ಗೋ ಅರೌಂಡ್ ಅಂದ್ರು, ಅಂದ್ರೆ ಇಳಿಯೋದು ಬಿಟ್ಟು ಮತ್ತೆ ಮೇಲೆ ಹೋಗಿ ಅಂತ. ಆ ಮೂರು ಸಲದ ಬಗ್ಗೆ ಮುಂದೆ ಮತ್ತೆ ಬರ್ತೀನಿ.

ಆಕ್ಸಿಜನ್ ಕಮ್ಮಿ ಆದಾಗ

ಮೇಲೆ ಹೋದಂಗೆ ಗಾಳೀಲಿ ಆಕ್ಸಿಜನ್ ಶೇಕಡಾವಾರು ಕಮ್ಮಿ ಆಗತ್ತೆ ಅನ್ನೋದು ತಪ್ಪು. ಅಲ್ಲೂ ಸುಮಾರು 21 ಶೇಕಡಾನೇ ಇರತ್ತೆ, ಕಮ್ಮಿ ಆಗೋದು ಒತ್ತಡ, 18,000 ಅಡಿಗೆ ಹೋಗೋಷ್ಟರಲ್ಲಿ ಅರ್ಧ. ಶ್ವಾಸಕೋಶದಿಂದ ರಕ್ತಕ್ಕೆ ಆಕ್ಸಿಜನ್ ತಳ್ಳೋಕೆ ಆ ಒತ್ತಡ ಸಾಕಾಗಲ್ಲ. 25,000 ಅಡೀಲಿ ಏನಾದ್ರೂ ಉಪಯೋಗಕ್ಕೆ ಬರೋ ಕೆಲಸ ಮಾಡೋಕೆ ನಿಮಗೆ 3ರಿಂದ 5 ನಿಮಿಷ ಸಿಗತ್ತೆ, 35,000 ಅಡೀಲಿ ಅರ್ಧದಿಂದ ಒಂದು ನಿಮಿಷ.

ಉಸಿರುಕಟ್ಟಿ ಒದ್ದಾಡ್ತೀವಿ, ಆಗ ಗೊತ್ತಾಗತ್ತೆ ಅಂದ್ಕೊಂಡಿದ್ರೆ ಅದನ್ನ ತಲೆಯಿಂದ ತೆಗೆದುಹಾಕಿ. ಹೈಪಾಕ್ಸಿಯಾ, ಅಂದ್ರೆ ಮೈಗೆ ಆಕ್ಸಿಜನ್ ಸಾಲದ ಸ್ಥಿತಿ, ಬಂದಾಗ ಸುಖ ಅನ್ಸತ್ತೆ! ಎತ್ತರದಲ್ಲಿರೋ ಥರ ಗಾಳಿ ಒತ್ತಡ ಇಳಿಸೋ ಆಲ್ಟಿಟ್ಯೂಡ್ ಚೇಂಬರ್‌ನಲ್ಲಿ ಮಾಸ್ಕ್ ತೆಗೆಸಿ, 100ರಿಂದ 7 ಕಳೀತಾ ಬರ್ಕೊಂಡು ಹೋಗಿ ಅಂತಾರೆ. ಮೊದಲ ಎರಡು ಮೂರು ಸಾಲು ನೀಟಾಗಿರತ್ತೆ, 93, 86, 79, ಆಮೇಲೆ ಅಕ್ಷರ ದೊಡ್ಡದಾಗತ್ತೆ, ಸಾಲು ಸೊಟ್ಟಗಾಗತ್ತೆ, ಒಂದೇ ನಂಬರ್ ಎರಡು ಸಲ ಬರತ್ತೆ, ಕೊನೆಗೆ ಪೆನ್ನು ಬರೀ ಗೀಟು ಎಳೀತಿರತ್ತೆ. ಬರೀತಿರೋನ ಮುಖದಲ್ಲಿ ಮಾತ್ರ ನಗು. ಆ ಕಾಗದ ಕೈಗೆ ಕೊಟ್ಟಾಗ ಇದು ನಂದಲ್ಲ ಅನ್ನೋರಿದ್ದಾರೆ.

ಒಬ್ಬೊಬ್ಬರಿಗೆ ಒಂದೊಂದು ಥರ ಶುರು ಆಗತ್ತೆ, ಕೆಲವರಿಗೆ ಬೆರಳು ಜುಮ್ ಅನ್ನತ್ತೆ, ಕೆಲವರಿಗೆ ಬಣ್ಣ ಮಾಸಿದಂಗೆ ಕಾಣತ್ತೆ, ಕೆಲವರಿಗೆ ಸೆಕೆ. ಚಾನ್ಸ್ ಸಿಕ್ರೆ ಚೇಂಬರ್ ಟ್ರೇನಿಂಗ್ ಮಾಡಿ ನಿಮ್ಮ ಗುರುತು ಯಾವುದು ಅಂತ ತಿಳ್ಕೊಳ್ಳಿ. ಅನುಮಾನ ಬಂದ್ರೆ ಮೊದ್ಲು ಮಾಸ್ಕ್, ಆಮೇಲೆ ಯೋಚನೆ, ಈ ಕ್ರಮ ಮಾತ್ರ ಬದಲಾಯಿಸ್ಬೇಡಿ. 2005ರ ಆಗಸ್ಟ್ 14ರಂದು ಹೀಲಿಯೋಸ್ ಏರ್‌ವೇಸ್ 522ರಲ್ಲಿ ಕ್ಯಾಬಿನ್ ಒಳಗಿನ ಗಾಳಿ ಒತ್ತಡ ಕಾಯೋ ಪ್ರೆಷರೈಸೇಷನ್ ಸ್ವಿಚ್ ಮ್ಯಾನುಯಲ್‌ನಲ್ಲೇ ಉಳಿದಿತ್ತು. ಹಾರ್ನ್ ಹೊಡೀತು, ಆದ್ರೆ ವಿಮಾನ ಟೇಕಾಫ್‌ಗೆ ಸರಿಯಾಗಿ ಸೆಟ್ ಆಗಿಲ್ಲ ಅನ್ನೋ ಟೇಕಾಫ್ ಕಾನ್ಫಿಗರೇಷನ್ ವಾರ್ನಿಂಗ್‌ಗೂ ಅದೇ ಸದ್ದು, ಪೈಲಟ್‌ಗಳು ಅದೇ ಅಂದ್ಕೊಂಡು ಕಾರಣ ಹುಡುಕ್ತಾ ರೇಡಿಯೋದಲ್ಲಿ ಮಾತಾಡ್ತಾನೇ ಪ್ರಜ್ಞೆ ಕಳ್ಕೊಂಡ್ರು. ಆಟೋಪೈಲಟ್ ಮೇಲೆ ಅಥೆನ್ಸ್ ತನಕ ಹೋಗಿ ಸುತ್ತು ಹಾಕ್ತಿದ್ದ ವಿಮಾನ ಫ್ಯೂಯಲ್ ಮುಗಿದು ಬಿತ್ತು, 121 ಜನ.

ಚಿಕ್ಕ ಪಿಸ್ಟನ್ ವಿಮಾನ ಹಾರಿಸೋರು ಕಾರ್ಬನ್ ಮಾನಾಕ್ಸೈಡ್ ಬಗ್ಗೆನೂ ಇಷ್ಟೇ ಹುಷಾರಾಗಿರ್ಬೇಕು. ಹೀಟರ್ ಗಾಳಿ ಬಿಸಿ ಆಗೋದು ಎಕ್ಸಾಸ್ಟ್ ಪೈಪ್ ಸುತ್ತ, ಅದರಲ್ಲಿ ಬಿರುಕು ಬಿಟ್ರೆ ಹೊಗೆ ನೇರ ಕ್ಯಾಬಿನ್‌ಗೆ. ಈ ಅನಿಲ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟ್ಕೊಳ್ಳತ್ತೆ. ಹೀಟರ್ ಹಾಕಿದಾಗ ತಲೆನೋವು ಬಂತಾ, ಹೀಟರ್ ಆಫ್, ವೆಂಟ್ ಓಪನ್, ಹತ್ತಿರದ ಏರ್‌ಫೀಲ್ಡ್‌ನಲ್ಲಿ ಇಳೀರಿ. ಡಿಟೆಕ್ಟರ್ ಒಂದು ಇಟ್ಕೊಳ್ಳಿ.

ಕಿವಿ ಹೇಳೋ ಸುಳ್ಳು

ನಾನು ಟ್ರೇನಿಂಗಲ್ಲಿ ಬರಾನಿ ಚೇರ್ ಅನ್ನೋ ತಿರುಗೋ ಕುರ್ಚಿ ಮೇಲೆ ಕೂತಿದ್ದು ಇವತ್ತಿಗೂ ಮರೆತಿಲ್ಲ. ಕಣ್ಣು ಮುಚ್ಚಿ, ಎರಡು ಹೆಬ್ಬೆರಳು ಎದುರಿಗೆ ಹಿಡಿದು, ಯಾವ ಕಡೆ ತಿರುಗ್ತಿದೀನಿ ಅನ್ಸತ್ತೋ ಆ ಕಡೆ ತೋರಿಸ್ಬೇಕು. ಬಲಕ್ಕೆ ತಿರುಗಿಸಿದ್ರು, ಬಲಕ್ಕೆ ತೋರಿಸ್ದೆ. ಸ್ವಲ್ಪ ಹೊತ್ತಾದ್ಮೇಲೆ ನಿಂತಂಗಾಯ್ತು, ಹೆಬ್ಬೆರಳು ನೆಟ್ಟಗೆ ಮಾಡ್ದೆ. ಆಮೇಲೆ ಜೋರಾಗಿ ಎಡಕ್ಕೆ ತಿರುಗೋಕೆ ಶುರು ಆಯ್ತು, ಎಡಕ್ಕೆ ತೋರಿಸ್ದೆ. ಕಣ್ಣು ಬಿಡಿ ಅಂದ್ರು. ಚೇರ್ ನಿಂತೇ ಇತ್ತು. ನಿಂತಂಗಾಯ್ತು ಅಂದ್ಕೊಂಡಾಗ ಅದು ಇನ್ನೂ ಬಲಕ್ಕೆ ಅದೇ ಸ್ಪೀಡಲ್ಲಿ ತಿರುಗ್ತಾ ಇತ್ತಂತೆ, ಎಡಕ್ಕೆ ಅಂತ ಅನ್ಸಿದ್ದು ನಿಲ್ಲಿಸಿದ್ದಕ್ಕೆ.

ಒಳಗಿವಿಯ ಅರೆವೃತ್ತ ನಾಳಗಳಲ್ಲಿರೋ ದ್ರವ ತಿರುವು ಶುರು ಆದಾಗ ಹಿಂದುಳಿಯತ್ತೆ, ಆಗ ಅಲ್ಲಿರೋ ಸಣ್ಣ ಕೂದಲು ಬಾಗಿ ನಿಮಗೆ ಗೊತ್ತಾಗತ್ತೆ. ಒಂದೇ ವೇಗದ ತಿರುವಲ್ಲಿ 20 ಸೆಕೆಂಡ್ ಆಗೋಷ್ಟರಲ್ಲಿ ದ್ರವವೂ ಜೊತೆಗೇ ತಿರುಗೋಕೆ ಶುರು ಮಾಡತ್ತೆ, ಕಿವಿ ಪಾಲಿಗೆ ನೀವು ನೇರ ಹೋಗ್ತಿದೀರ. ಮೋಡದೊಳಗೆ ಇದು ಆದ್ರೆ ವಿಮಾನ ವಾಲಿ ಕೆಳಗೆ ಜಾರ್ತಿರತ್ತೆ, ನೀವು ಸ್ಟಿಕ್ ಎಳೀತಾ ಸುರುಳಿಯನ್ನ ಇನ್ನೂ ಬಿಗಿ ಮಾಡ್ತೀರ. 1954ರಲ್ಲಿ ಇಲಿನಾಯ್ ಯೂನಿವರ್ಸಿಟೀಲಿ ಇನ್‌ಸ್ಟ್ರುಮೆಂಟ್ ಟ್ರೇನಿಂಗ್ ಇಲ್ಲದ 20 ಜನರನ್ನ ಹೊರಗೆ ಕಾಣದ ಸ್ಥಿತೀಲಿ ಹಾರಿಸಿ ನೋಡಿದ್ರು, ಅಷ್ಟೂ ಜನ ಕಂಟ್ರೋಲ್ ಕಳ್ಕೊಂಡ್ರು, ಸರಾಸರಿ 178 ಸೆಕೆಂಡಲ್ಲಿ.

ಆದ್ರಿಂದ ಮೋಡ, ರಾತ್ರಿ ಸಮುದ್ರ, ಮಬ್ಬು ಅಂದ್ರೆ ಕಣ್ಣು ಇನ್‌ಸ್ಟ್ರುಮೆಂಟ್ ಮೇಲೆ, ಮೈ ಏನೇ ಹೇಳಲಿ. ಆದ್ರೆ ಒಂದೇ ಇನ್‌ಸ್ಟ್ರುಮೆಂಟ್ ನಂಬ್ಕೊಂಡು ಕೂರ್ಬೇಡಿ. 1978ರ ಜನವರಿ 1ರ ರಾತ್ರಿ ಬಾಂಬೆಯಿಂದ ಹೊರಟ ಏರ್ ಇಂಡಿಯಾ 855ರಲ್ಲಿ ಕ್ಯಾಪ್ಟನ್ ಕಡೆಯ ಆಟಿಟ್ಯೂಡ್ ಇಂಡಿಕೇಟರ್ ಕೆಟ್ಟು ಬಲಕ್ಕೆ ವಾಲಿದೆ ಅಂತ ತೋರಿಸ್ತು, ಹೊರಗೆ ಕತ್ತಲ ಸಮುದ್ರ, ಅವರು ಎಡಕ್ಕೆ ಎಡಕ್ಕೆ ತಿರುಗಿಸ್ತಾ ಹೋದ್ರು, 213 ಜನ ಹೋದ್ರು. ಪಕ್ಕದ ಇಂಡಿಕೇಟರ್, ಸ್ಟ್ಯಾಂಡ್‌ಬೈ, ಹೆಡಿಂಗ್, ಮೂರೂ ಒಂದೇ ಮಾತು ಹೇಳ್ತಿದಾವಾ ಅಂತ ನೋಡ್ತಿರಿ.

ತಿರುವಲ್ಲಿ ತಲೆ ಬಗ್ಗಿಸೋದೂ ಅಪಾಯ. ಒಂದು ನಾಳ ತಿರುವಿಗೆ ಹೊಂದ್ಕೊಂಡಿರೋವಾಗ ತಲೆ ಬಗ್ಗಿಸಿದ್ರೆ ಇನ್ನೊಂದು ನಾಳಕ್ಕೆ ಆ ತಿರುಗಾಟ ಬೀಳತ್ತೆ, ವಿಮಾನವೇ ಪಲ್ಟಿ ಹೊಡೆದಂಗೆ ಅನ್ಸತ್ತೆ. ಕೆಳಗೆ ಬಿದ್ದ ಪೆನ್ನು ಎತ್ಕೊಳ್ಳೋಕೆ ಬಗ್ಗೋದೇ ಸಾಕು. ಪೆನ್ನಿಗೆ ದಾರ ಕಟ್ಟಿ ತೊಡೆಗೆ ಕಟ್ಕೊಳ್ಳೋ ನೀಬೋರ್ಡ್‌ಗೆ ಗಂಟು ಹಾಕಿಡಿ.

ರಾತ್ರಿ ಹಾರೋರು ಕತ್ತಲಿಗೆ ಕಣ್ಣು ಹೊಂದ್ಕೊಳ್ಳೋಕೆ ಸುಮಾರು 30 ನಿಮಿಷ ಬೇಕು ಅನ್ನೋದು ನೆನಪಿಟ್ಕೊಳ್ಳಿ, ಒಂದ್ಸಲ ಫೋನ್ ಸ್ಕ್ರೀನಿನ ಜೋರು ಬೆಳಕು ನೋಡಿದ್ರೆ ಅದೆಲ್ಲ ವೇಸ್ಟ್. ಮಂಕು ಬೆಳಕಿನ ವಸ್ತುವನ್ನ ನೇರ ದಿಟ್ಟಿಸ್ಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ, ಆಗ ಕಾಣತ್ತೆ. ಅಗಲ ಕಮ್ಮಿ ಇರೋ ರನ್‌ವೇ ನೀವು ಎತ್ತರದಲ್ಲಿದೀರ ಅನ್ನೋ ಭ್ರಮೆ ಕೊಟ್ಟು ತೀರಾ ಕೆಳಗೆ ಇಳಿಸತ್ತೆ.

ಮನಸ್ಸು ಒಂದೇ ಕಡೆ ಅಂಟ್ಕೊಂಡಾಗ

1972ರ ಡಿಸೆಂಬರ್ 29ರಂದು ಈಸ್ಟರ್ನ್ ಏರ್‌ಲೈನ್ಸ್ 401ರಲ್ಲಿ ಮೂಗಿನ ಕೆಳಗಿನ ಚಕ್ರ (ಗೇರ್) ಇಳಿದು ಲಾಕ್ ಆಗಿದೆ ಅಂತ ತೋರಿಸೋ ಹಸಿರು ಲೈಟ್ ಹತ್ತಲಿಲ್ಲ. ಬಲ್ಬ್ ಸುಟ್ಟಿತ್ತು, ಅಷ್ಟೇ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಆ ಬಲ್ಬ್ ಹಿಂದೆ ಬಿದ್ರು, ಆಟೋಪೈಲಟ್ ಎತ್ತರ ಹಿಡಿಯೋದು ಬಿಟ್ಟಿದ್ದು ಯಾರ ಕಣ್ಣಿಗೂ ಬೀಳಲಿಲ್ಲ, ವಿಮಾನ ಮೆಲ್ಲಗೆ ಇಳೀತಾ ಫ್ಲೋರಿಡಾದ ಜೌಗಲ್ಲಿ ಬಿತ್ತು. ಟೆನ್ಷನ್ ಜಾಸ್ತಿ ಆದಂಗೆ ಗಮನ ಸಣ್ಣ ಕೊಳವೆ ಥರ ಆಗತ್ತೆ, ಇದು ದಡ್ಡತನ ಅಲ್ಲ, ಎಲ್ಲರ ಮೆದುಳೂ ಹೀಗೇ. ಅದಕ್ಕೆ ಏನೇ ತೊಂದ್ರೆ ಬಂದ್ರೂ ಮೊದಲ ವಾಕ್ಯ ಬಾಯಿಬಿಟ್ಟು ಹೇಳಿ: "ವಿಮಾನ ನಾನು ಹಾರಿಸ್ತೀನಿ, ನೀವು ಅದನ್ನ ನೋಡಿ." ಒಬ್ಬರೇ ಇದ್ರೆ ಐದೈದು ಸೆಕೆಂಡಿಗೆ ಎತ್ತರ, ಸ್ಪೀಡ್ ಜೋರಾಗಿ ಓದಿ. ಗಾಬರೀಲಿ ಕೈ ತಾನಾಗೇ ಏನಾದ್ರೂ ಎಳೆಯೋಕೆ ಹೋಗತ್ತೆ, ವಿಮಾನ ನೆಟ್ಟಗೆ ಹೋಗ್ತಿದ್ರೆ ಒಂದು ಉಸಿರು ಪೂರ್ತಿ ಬಿಟ್ಟು ಆಮೇಲೆ ಕೈ ಹಾಕಿ.

ಈಗ ಆ ಮೂರು ಗೋ ಅರೌಂಡ್ ವಿಷಯ. ಜೂನಿಯರ್ ಆದವರು ಸೀನಿಯರ್‌ಗೆ ಹೇಳೋಕೆ ಹಿಂಜರೀತಾರೆ, ಹೇಳಿದ್ರೂ ಸೀನಿಯರ್ ಕಿವಿಗೆ ಹಾಕ್ಕೊಳ್ಳಲ್ಲ. 1978ರಲ್ಲಿ ಪೋರ್ಟ್‌ಲ್ಯಾಂಡ್ ಹತ್ರ ಯುನೈಟೆಡ್ 173 ಗೇರ್ ಸಮಸ್ಯೆ ನೋಡ್ತಾ ಫ್ಯೂಯಲ್ ಖಾಲಿ ಮಾಡ್ಕೊಂಡು ಬಿದ್ದಾಗ್ಲೂ ಫ್ಯೂಯಲ್ ಬಗ್ಗೆ ಜೊತೆಯವರು ಹೇಳಿದ್ರು, ಗಟ್ಟಿಯಾಗಿ ಹೇಳಲಿಲ್ಲ. ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಾತಾಡಿ ಒಟ್ಟಾಗಿ ಕೆಲಸ ಮಾಡೋದನ್ನ ಕಲಿಸೋ ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್) ಟ್ರೇನಿಂಗ್ ಹುಟ್ಟಿದ್ದು ಆ ಕಾಲದ ಇಂಥ ಅಪಘಾತಗಳು ಆದ್ಮೇಲೆ. ಮೆಟ್ಟಿಲು ಮೆಟ್ಟಿಲಾಗಿ ಹೇಳೋದು ಪ್ರಾಕ್ಟೀಸ್ ಮಾಡಿ. ಮೊದ್ಲು ಪ್ರಶ್ನೆ: "ಸರ್, ನಾವು ಎತ್ತರ ಜಾಸ್ತಿ ಇದೀವಲ್ವಾ?" ಆಮೇಲೆ ಎಚ್ಚರಿಕೆ: "ಸರ್, ಇದು ಸ್ಟೇಬಲ್ ಆಗಿಲ್ಲ." ಆಮೇಲೆ ನೇರವಾಗಿ: "ಸರ್, ಗೋ ಅರೌಂಡ್ ಮಾಡ್ಲೇಬೇಕು." ಅದಕ್ಕೂ ಉತ್ತರ ಬರಲಿಲ್ಲ ಅಂದ್ರೆ "ಐ ಹ್ಯಾವ್ ಕಂಟ್ರೋಲ್" ಅಂತ ಹೇಳಿ ತಗೊಳ್ಳೋದು, ಎಷ್ಟೇ ಮುಜುಗರ ಆಗ್ಲಿ. ನೀವೇ ಕ್ಯಾಪ್ಟನ್ ಆಗಿದ್ರೆ ಬ್ರೀಫಿಂಗಲ್ಲೇ ಹೇಳಿ, "ನೀವು ಗೋ ಅರೌಂಡ್ ಅಂದ್ರೆ ನಾನು ಮಾಡ್ತೀನಿ, ಯಾಕೆ ಅಂತ ಕೆಳಗಿಳಿದ ಮೇಲೆ ಕೇಳ್ತೀನಿ." ಈ ಒಂದು ಮಾತು ಕೇಳಿದ ಜೂನಿಯರ್ ಭುಜ ಹಗುರ ಆಗೋದು ಕಣ್ಣಿಗೇ ಕಾಣತ್ತೆ.

ಮನೆಯ ದುಃಖ, ಸಾಲ, ಮನಸ್ಸಿನ ಕಾಯಿಲೆ ಇದನ್ನ ಲೈಸೆನ್ಸ್ ಹೋಗತ್ತೆ ಅನ್ನೋ ಭಯಕ್ಕೆ ಮುಚ್ಚಿಡೋರು ತುಂಬಾ ಜನ. ದಯವಿಟ್ಟು ಮುಚ್ಚಿಡಬೇಡಿ. ಚಿಕಿತ್ಸೆ ತಗೊಂಡು ಮತ್ತೆ ಹಾರೋಕೆ ಬಂದವರಿದ್ದಾರೆ, ಪೀರ್ ಸಪೋರ್ಟ್ ಗುಂಪುಗಳು ಈಗ ಬೇಕಾದಷ್ಟು ಕಂಪನಿಗಳಲ್ಲಿವೆ, ಅಲ್ಲಿ ಕೇಳ್ಕೊಳ್ಳೋದು ಇನ್ನೊಬ್ಬ ಪೈಲಟ್ಟೇ.

ಕೊನೇದಾಗಿ ಆ ಬೆಳಗಿನ ಚೀಟಿ. ಹಾರಿ ಬಂದ್ಮೇಲೆ ಬಿಸಾಕ್ಬೇಡಿ, ಅದರ ಹಿಂದುಗಡೆ ಆವತ್ತು ಯಾವ ರೇಡಿಯೋ ಕಾಲ್ ಮಿಸ್ ಆಯ್ತು, ಯಾವ ಚೆಕ್‌ಲಿಸ್ಟ್ ಐಟಂ ಮರೆತ್ರಿ ಅಂತ ಬರೆದು ಲಾಗ್‌ಬುಕ್ ಒಳಗೆ ಸಿಕ್ಕಿಸಿಡಿ. ಇಪ್ಪತ್ತು ಮೂವತ್ತು ಚೀಟಿ ಆದ್ಮೇಲೆ ಎಷ್ಟು ಗಂಟೆ ನಿದ್ದೆಗಿಂತ ಕಮ್ಮಿ ಆದ್ರೆ ನೀವು ತಪ್ಪು ಮಾಡೋಕೆ ಶುರು ಮಾಡ್ತೀರ ಅನ್ನೋ ನಂಬರ್ ನಿಮ್ಮ ಕೈಬರಹದಲ್ಲೇ ಸಿಗತ್ತೆ.